ಛತ್ರಿ ಕಡ್ಡಿ, ಹಸಿ ಕಾಗದ

ಕಟ್ಟಿನ ಗಂಟು ತನ್ನದಲ್ಲ ಎಂಬುದು ಅವನ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು. ಛತ್ರಿ ರಿಪೇರಿ ಮಾಡುವವನು ಹಾಕುವ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ; ಬಿಚ್ಚಬೇಕೆಂದಾಗ ತುದಿ ಹಿಡಿದು ಒಮ್ಮೆ ಜಗ್ಗಿದರೆ ಸಾಕು, ಹೇಳಿದ ಮಾತು ಕೇಳುತ್ತದೆ. ಇದು ಎರಡು ಸುತ್ತು ಹಾಕಿ, ಮೇಲೆ ಚಿಟ್ಟೆಯ ಹಾಗೆ ರೆಕ್ಕೆ ಬಿಟ್ಟು, ನೋಡಿದವರು ಚೆನ್ನಾಗಿದೆ ಎನ್ನಲಿ ಎಂದು ಹಾಕಿದ ಗಂಟು. ಆ ಮನೆಯಲ್ಲಿದ್ದವರು ಗಂಡ ಹೆಂಡತಿ ಇಬ್ಬರೇ. ಹಾಗಾಗಿ ತನಿಖೆ ಬಹಳ ಹೊತ್ತು ನಡೆಯಲಿಲ್ಲ.

ಅವನು ಮಂಚದ ಕೆಳಗಿನಿಂದ ಕಟ್ಟನ್ನು ಪೂರ್ತಿ ಹೊರಗೆಳೆದು ಗೋಣಿಯ ಹೊದಿಕೆ ಬಿಚ್ಚಿದ. ಗಂಡಸರ ದೊಡ್ಡ ಛತ್ರಿಗಳಿಗೆ ಹಾಕುವ ಉದ್ದನೆಯ ಉಕ್ಕಿನ ಕಡ್ಡಿಗಳು, ಎಣ್ಣೆ ಸವರಿಸಿಕೊಂಡು ಹೊಳೆಯುತ್ತ ಒಂದರ ಪಕ್ಕ ಒಂದು ಮಲಗಿದ್ದವು. ಒಂದು ಕಡೆ ಸಾಲು ಸಡಿಲವಾಗಿತ್ತು.

"ಕೇಳಿಸ್ತೇನೇ?" ಎಂದು ಹಿತ್ತಲಿನ ಕಡೆ ಮುಖ ಮಾಡಿ ಕೂಗಿದ.

ಹಿತ್ತಲಿನಲ್ಲಿ ಗರಗರ ಎನ್ನುತ್ತಿದ್ದ ಅರೆಯುವ ಯಂತ್ರ ನಿಂತಿತು. "ಕೇಳಿಸ್ತು. ಒಂದೇ ಒಂದು ತಗೊಂಡಿದ್ದೀನಿ. ಕೇಳಿದ್ರೆ ಕೊಡ್ತಿರಲಿಲ್ಲ, ಅದಕ್ಕೇ ಕೇಳ್ಲಿಲ್ಲ."

"ಕಳ್ಳರು ಹೇಳೋದೂ ಇದನ್ನೇ."

"ಕಳ್ಳರು ವಾಪಸ್ ಗಂಟು ಹಾಕಿಟ್ಟು ಹೋಗಲ್ಲ ರೀ," ಎಂದಳು ಹೆಂಡತಿ. ಯಂತ್ರ ಮತ್ತೆ ಶುರುವಾಯಿತು.

ಬಸ್ ನಿಲ್ದಾಣದ ಎದುರಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅವನ ಅಂಗಡಿಯಿತ್ತು. ಅಂಗಡಿ ಎಂದರೆ ಒಂದು ಮಣೆ, ಒಂದು ಪೆಟ್ಟಿಗೆ, ತಲೆ ಎತ್ತಿದರೆ ಬಡಿಯುವ ಮೆಟ್ಟಿಲಿನ ಹೊಟ್ಟೆ. ಮದುವೆಗೆ ಮುಂಚಿನಿಂದಲೂ ಅವನು ಅಲ್ಲಿ ಕೂತಿದ್ದ. ಕೂತು ಕೂತು ಊರಿನ ಜನರನ್ನೆಲ್ಲ ಮೊಣಕಾಲಿನಿಂದ ಗುರುತು ಹಿಡಿಯುತ್ತಿದ್ದ. ಕಟ್ಟಡ ಕೆಡವುವಾಗ ಅದರ ಮಾಲೀಕ ಭುಜದ ಮೇಲೆ ಕೈಯಿಟ್ಟು, "ಹೊಸದು ಏಳಲಿ, ನಿಮ್ಮ ಜಾಗ ನಿಮಗೇ," ಎಂದಿದ್ದ. ಭುಜದ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ಅವನು ನಂಬಿದ. ಅಂಗಡಿಯ ಸಾಮಾನನ್ನೆಲ್ಲ ಮನೆಗೆ ತಂದು ಮಂಚದ ಕೆಳಗೆ ಇಟ್ಟ. ಯಾರಾದರೂ ಕೇಳಿದರೆ, ಸದ್ಯಕ್ಕೆ ಮುಚ್ಚಿದೆ ಎನ್ನುತ್ತಿದ್ದ. ಹೊಸ ಕಟ್ಟಡ ಎದ್ದು, ಬಣ್ಣ ಬಳಿಸಿಕೊಂಡು, ಆ ಬಣ್ಣವೂ ಮಾಸತೊಡಗಿತ್ತು. ಅವನು ಮಾತ್ರ ಆ ರಸ್ತೆಯನ್ನೇ ತಪ್ಪಿಸಿ ಓಡಾಡುತ್ತಿದ್ದ. ವಾರಕ್ಕೊಮ್ಮೆ ತಪ್ಪದೆ ಕಡ್ಡಿಗಳಿಗೆ ಎಣ್ಣೆ ಸವರುತ್ತಿದ್ದ. ಕಡ್ಡಿ ಇರುವವರೆಗೆ ಅಂಗಡಿ ಇದೆ, ಕೂರುವ ಜಾಗ ಮಾತ್ರ ಇಲ್ಲ ಎನ್ನುವುದು ಅವನ ಲೆಕ್ಕ. ಹೆಂಡತಿಗೂ ಈ ಲೆಕ್ಕ ಗೊತ್ತಿತ್ತು. ಅದಕ್ಕೇ ಒಂದೇ ಕಡ್ಡಿ ತೆಗೆದಿದ್ದಳು.

ಅವಳಿಗೆ ಕಾಗದದ ಹುಚ್ಚು ಹತ್ತಿದ್ದೂ ಅದೇ ಸಾಮಾನಿನಿಂದ. ಅಂಗಡಿಯಿಂದ ಬಂದದ್ದರಲ್ಲಿ ಹಳೆಯ ಛತ್ರಿಗಳಿಂದ ಬಿಚ್ಚಿದ ಕರಿ ಹತ್ತಿ ಬಟ್ಟೆಯ ಮೂಟೆಯೊಂದಿತ್ತು. ಮೊದಲು ಅದರಲ್ಲಿ ನೆಲ ಒರೆಸಿದಳು. ಆಮೇಲೆ ಕೈಯಲ್ಲೇ ಕಾಗದ ಮಾಡುವುದನ್ನು ಕಲಿಸುವ ಯಾವುದೋ ಶಿಬಿರಕ್ಕೆ ಹೋಗಿ ಬಂದವಳು ಬಟ್ಟೆಯನ್ನು ಚೂರು ಚೂರು ಕತ್ತರಿಸಿ, ಸೋಡಾ ಹಾಕಿ ಕುದಿಸಿ, ಅರೆದು, ನೀರಿನ ತೊಟ್ಟಿಗೆ ಸುರಿದು, ಜಾಲರಿಯ ಚೌಕಟ್ಟಿನಲ್ಲಿ ಎತ್ತಿ ಒಂದು ಹಾಳೆ ತೆಗೆದಳು. ಮಳೆಗಾಲದ ಬೆಳಗಿನ ಬಣ್ಣದ, ಅಂಚು ಹರುಕು ಹರುಕಾದ ಹಾಳೆ. ಅದನ್ನು ಗಂಡನ ಮುಂದೆ ಹಿಡಿದು, "ನಿಮ್ಮ ಛತ್ರಿ," ಎಂದಳು. ಅವನು ಬೆಳಕಿಗೆ ಹಿಡಿದು ನೋಡಿ, "ಸೋರುತ್ತೆ," ಎಂದ.

ಶಿಬಿರಕ್ಕೆ ಹೋದ ಉಳಿದ ಹೆಂಗಸರು ಶುಭಾಶಯ ಪತ್ರ, ಉಡುಗೊರೆ ಡಬ್ಬಿ ಮಾಡಿ ತೃಪ್ತರಾದರು. ಇವಳಿಗೆ ಕಾಗದ ಬರೀ ಕಾಗದವಾಗಿರುವುದು ಸಹ್ಯವಾಗಲಿಲ್ಲ. ಹಸಿ ಹಾಳೆಯ ಮೇಲೆ ತುಕ್ಕು ಹಿಡಿದ ಮೊಳೆಗಳನ್ನು ಮಲಗಿಸಿ, ಒಣಗುವಾಗ ಸುತ್ತ ಕಂದು ಬಣ್ಣ ಹಬ್ಬುವುದನ್ನು ಕಾದು ನೋಡಿದಳು. ಮೇಣ ಕರಗಿಸಿ ಹನಿಸಿ ಅದರ ಮೇಲೆ ಚಹಾದ ಡಿಕಾಕ್ಷನ್ ಬಳಿದಳು. ಮೇಣ ಇದ್ದಲ್ಲಿ ಕಲೆ ನಿಲ್ಲದೆ ಜಾರಿತು. ಹೊಲಿಗೆ ಯಂತ್ರಕ್ಕೆ ಹಾಳೆ ಕೊಟ್ಟು ದಾರದಲ್ಲಿ ಗೀಚಿದಳು. ಮೊಟ್ಟೆಯ ಸಿಪ್ಪೆ, ಗಡಿಯಾರದ ಮುಳ್ಳು, ಜೇನುಗೂಡಿನ ತುಂಡು, ಯಾರದೋ ಎದೆಯ ಎಕ್ಸ್‌ರೇ, ಹೀಗೆ ಕೈಗೆ ಸಿಕ್ಕಿದ್ದೆಲ್ಲ ಎರಡು ಹಸಿ ಹಾಳೆಗಳ ನಡುವೆ ಸೇರಿತು. ಮಹಡಿಯ ಮೇಲಿನ ಮನೆಯಲ್ಲಿದ್ದ ಅವನ ತಂಗಿ, "ನಮ್ಮ ಅತ್ತಿಗೆ ಮನೆಗೆ ಬರೋವಾಗ ಮೈಮೇಲಿರೋದನ್ನೆಲ್ಲ ಗಟ್ಟಿಯಾಗಿ ಹಿಡ್ಕೊಂಡು ಬರ್ಬೇಕು," ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಇದನ್ನೆಲ್ಲ ಅವನು ಆಟ ಎಂದೇ ಕರೆಯುತ್ತಿದ್ದ. ತನ್ನದು ಕೆಲಸ, ಹೆಂಡತಿಯದು ಆಟ. ಕೆಲಸ ಮಂಚದ ಕೆಳಗೆ ಮಲಗಿತ್ತು, ಆಟ ಮನೆ ತುಂಬ ಓಡಾಡುತ್ತಿತ್ತು.

ಕಡ್ಡಿಯ ಅಗತ್ಯ ಬಿದ್ದದ್ದು ಒಂದು ಮರೆವಿನಿಂದ. ಒಂದು ಬೆಳಿಗ್ಗೆ ಯಂತ್ರಕ್ಕೆ ಬಟ್ಟೆ ಹಾಕಿ ನಾದಿನಿಯ ಜೊತೆ ಮಾತಿಗೆ ಕೂತವಳು, ನಾದಿನಿಯ ಗಂಡನ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮುಗಿಸಿ ಎದ್ದು ಬರುವಷ್ಟರಲ್ಲಿ ಸಂಜೆಯಾಗಿತ್ತು. ಅತಿಯಾಗಿ ಅರೆದ ತಿರುಳು ಕೆರೆಯ ಪಾಚಿಯ ಹಾಗೆ ಲೋಳೆಯಾಗಿತ್ತು. ಬೇರೆ ಯಾರಾದರೂ ಆಗಿದ್ದರೆ ಚರಂಡಿಗೆ ಸುರಿಯುತ್ತಿದ್ದರು. ಅವಳು ಏನನ್ನೂ ಸುರಿಯುವವಳಲ್ಲ. ಬಿದಿರಿನ ಕಡ್ಡಿಗಳ ಪುಟ್ಟ ಚೌಕಟ್ಟು ಕಟ್ಟಿ ಅದರ ಮೇಲೆ ಹೊದಿಸಿಟ್ಟಳು. ಬೆಳಿಗ್ಗೆ ನೋಡಿದರೆ ಕಾಗದ ಈರುಳ್ಳಿ ಸಿಪ್ಪೆಯಂತೆ ಪಾರದರ್ಶಕವಾಗಿ, ಡೋಲಿನ ಚರ್ಮದಂತೆ ಬಿಗಿದುಕೊಂಡಿತ್ತು, ಬಿದಿರು ಮುರಿದಿತ್ತು. ಒಣಗುವಾಗ ಕುಗ್ಗಿದ ಕಾಗದ ಬಿದಿರನ್ನು ಮುರಿದು ಹಾಕಿತ್ತು.

ಅವಳು ಗಂಡನನ್ನು ಎಬ್ಬಿಸಿ ತೋರಿಸಿದಳು. "ನೋಡ್ರಿ ಇದರ ಸೊಕ್ಕು," ಎಂದಳು, ಮಗು ಪಕ್ಕದ ಮನೆಯವನಿಗೆ ಹೊಡೆದು ಬಂದಾಗ ಒಳಗೊಳಗೇ ಹೆಮ್ಮೆಪಡುವ ತಾಯಿಯ ದನಿಯಲ್ಲಿ.

ಆ ವಾರವೇ ಪುರಸಭೆಯ ಗ್ರಂಥಾಲಯದ ಮೇಲ್ವಿಚಾರಕಿ ಯಾವುದೋ ಪುಸ್ತಕಕ್ಕೆ ಹೊದಿಕೆಯ ಕಾಗದ ಕೇಳಿಕೊಂಡು ಬಂದವಳು, ಕಿಟಕಿಯಲ್ಲಿ ತೂಗುತ್ತಿದ್ದ ಆ ಮುರುಕನ್ನು ನೋಡಿ ಬಂದ ಕೆಲಸ ಮರೆತಳು. ಓದುವ ಕೋಣೆಯ ಚಾವಣಿ ಬಹಳ ಎತ್ತರ, ಬರೀ ಒಂದು ದೀಪ, ಜನ ತಲೆ ಎತ್ತಿದರೆ ಕಾಣುವುದು ಜೇಡರ ಬಲೆ. "ಇದನ್ನೇ ದೊಡ್ಡದಾಗಿ ಮಾಡಿ ಅಲ್ಲಿ ತೂಗು ಹಾಕೋಕಾ—" ಎನ್ನುವಷ್ಟರಲ್ಲಿ ಇವಳು, "ಆಗುತ್ತೆ," ಎಂದಳು. ಎಷ್ಟು ದೊಡ್ಡದು ಎಂದು ಕೇಳಿದ್ದಕ್ಕೆ ಎರಡೂ ತೋಳು ಚಾಚಿದಳು. ಅದೂ ಸಾಲದೆನಿಸಿ ಹಿಂದೆ ಸರಿದು, ಹಿತ್ತಲಿನ ಆ ಗೋಡೆ ಈ ಗೋಡೆ ತೋರಿಸಿದಳು.

ಅಷ್ಟು ದೊಡ್ಡದಕ್ಕೆ ಬಿದಿರು ತಡೆಯಲಿಲ್ಲ. ತಾಮ್ರದ ತಂತಿ ಹಾಕಿದರೆ, ಕಾಗದ ಎಳೆದ ಎಳೆತಕ್ಕೆ ಹೊಟ್ಟೆನೋವು ಬಂದವರಂತೆ ಮುದುಡಿಕೊಂಡಿತು. ಬಾಗಬೇಕು, ಮುರಿಯಬಾರದು, ಸೋಲಲೂಬಾರದು. ಅಂಥದ್ದು ಮನೆಯಲ್ಲಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅದರ ಮೇಲೆ ಅವಳು ಪ್ರತಿ ರಾತ್ರಿ ಮಲಗುತ್ತಿದ್ದಳು.

ಗಂಟು ಬಿಚ್ಚಿ ನೋಡಿದ ಮೇಲೆ ಬೈಯಬೇಕೆಂದೇ ಅವನು ಹಿತ್ತಲಿಗೆ ಹೋದ. ಒಗೆಯುವ ಕಲ್ಲಿನ ಮೇಲೆ ಅವನ ಕಡ್ಡಿ ಇತ್ತು. ಅದರ ಒಂದು ಬದಿಗೆ ಹಾಯಿಯ ಹಾಗೆ ಕಾಗದ ಹೊದಿಸಿದ್ದಳು, ಅದಾಗಲೇ ಒಣಗಿತ್ತು. ನೆಟ್ಟಗಿದ್ದ ಉಕ್ಕು ಬಿಲ್ಲಾಗಿತ್ತು. ಎಣ್ಣೆ ಒರೆಸಿ ತೆಗೆದಿದ್ದಳು. ಕಡ್ಡಿಯ ಉದ್ದಕ್ಕೂ ತುಕ್ಕು ಎದ್ದು, ಬೂದು ಕಾಗದದೊಳಕ್ಕೆ ಕಂದು ಗೆರೆಯಾಗಿ ಇಳಿದಿತ್ತು.

"ತುಕ್ಕು ಹಿಡಿಸಿದ್ದೀಯಲ್ಲೇ."

"ಹಿಡೀಲಿ ಅಂತಲೇ ಬಿಟ್ಟಿದ್ದು. ಬಣ್ಣ ನೋಡಿ, ಯಾವ ಅಂಗಡೀಲಿ ಸಿಗುತ್ತೆ ಹೇಳಿ."

ಅವನು ಬಣ್ಣ ನೋಡಲಿಲ್ಲ. ಉಗುರಿನಿಂದ ಕಡ್ಡಿಯನ್ನು ಮೀಟಿದ. ಅದು ಸಣ್ಣಗೆ ಗುಂಯ್ ಎಂದಿತು. ಮತ್ತೊಮ್ಮೆ ಮೀಟಿ, ಕಿವಿ ಹತ್ತಿರ ತಂದ. ಛತ್ರಿ ಎಂದರೆ ಬಟ್ಟೆಯಲ್ಲ, ಕಡ್ಡಿಯೂ ಅಲ್ಲ. ಬಟ್ಟೆ ಕಡ್ಡಿಯನ್ನು ಎಳೆಯಬೇಕು, ಕಡ್ಡಿ ಬಟ್ಟೆಯನ್ನು ತಳ್ಳಬೇಕು, ಇಬ್ಬರೂ ಪಟ್ಟು ಬಿಡಬಾರದು. ಆ ಜಗಳ ಸರಿಸಮವಾಗಿ ನಿಂತಲ್ಲಿ ಛತ್ರಿ ಅರಳಿಕೊಂಡಿರುತ್ತದೆ. ಇದನ್ನು ಅವನು ಯಾರಿಗೂ ಹೇಳಿದ್ದಿಲ್ಲ, ಹೇಳಬೇಕಾದ ಸಂದರ್ಭ ಬಂದಿರಲಿಲ್ಲ. ಒಂದು ಛತ್ರಿಯನ್ನೂ ರಿಪೇರಿ ಮಾಡಿ ಗೊತ್ತಿಲ್ಲದ ಹೆಂಗಸು, ಹಾಳಾದ ತಿರುಳಿನ ಬೆನ್ನು ಹತ್ತಿಕೊಂಡು ಹೋಗಿ ಅದೇ ಜಾಗಕ್ಕೆ ಬಂದು ನಿಂತಿದ್ದಳು.

"ಕಡ್ಡಿಯ ಕೀಲು ಒಳಮುಖ ಮಾಡಿದ್ದೀಯ. ಹೊರಮುಖ ಮಾಡಿದ್ರೆ ಇನ್ನೂ ಬಾಗುತ್ತೆ," ಎಂದ.

"ಹಾಗಾದ್ರೆ ಇನ್ನೊಂದು ಕೊಡಿ, ಮಾಡಿ ನೋಡ್ತೀನಿ."

"ಸಲಹೆ ಕೊಟ್ಟೆ. ಕಡ್ಡಿ ಕೊಡ್ತೀನಿ ಅಂದ್ನಾ?"

ಮಹಡಿಯ ಮೆಟ್ಟಿಲ ಮೇಲಿನಿಂದ ತಂಗಿ, "ಅಣ್ಣ, ಕೊಟ್ಬಿಡೋ. ಮಂಚದ ಕೆಳಗೆ ಇಟ್ಕೊಂಡು ಏನು ಮರಿ ಹಾಕಿಸ್ತೀಯಾ?" ಎಂದಳು. ಅವನು ಎದ್ದು ಒಳಗೆ ಹೋದ.

ಮರುದಿನ ಎಣ್ಣೆ ತರಲು ಹೋದವನ ಕಾಲು ಹಾದಿ ತಪ್ಪಿತೋ, ಅವನೇ ತಪ್ಪಿಸಿದನೋ, ಬಸ್ ನಿಲ್ದಾಣದ ಎದುರು ಹೋಗಿ ನಿಂತಿದ್ದ. ಹೊಸ ಕಟ್ಟಡದ ಗಾಜಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಒಳಗೆ ಹೋಗದಿದ್ದರೆ ಅದಕ್ಕೆ ಅವಮಾನವಾದೀತು ಎಂಬಂತೆ ಒಳಗೆ ಹೋದ. ತಾನು ಕೂರುತ್ತಿದ್ದುದು ಎಲ್ಲಿ ಎಂದು ಕಂಬಗಳನ್ನು ನೋಡಿ ಅಂದಾಜು ಮಾಡುತ್ತಿದ್ದಾಗ ಕಾವಲುಗಾರ ಹತ್ತಿರ ಬಂದ.

"ಏನು ಬೇಕಿತ್ತು ಯಜಮಾನ್ರೇ?"

"ಮೆಟ್ಟಿಲು."

"ಮೆಟ್ಟಿಲು ಯಾಕೆ? ಲಿಫ್ಟ್ ಇದೆಯಲ್ಲ."

"ಹತ್ತೋಕಲ್ಲ. ಕೆಳಗೆ ಕೂರೋಕೆ."

ಕಾವಲುಗಾರ ಒಳ್ಳೆಯವನು. ಮುಖವನ್ನೊಮ್ಮೆ ನೋಡಿ, ತೋಳು ಹಿಡಿದು ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟ. ಎದುರಿಗೆ, ಅವನ ಮಣೆ ಇದ್ದ ಜಾಗದಲ್ಲಿ, ಲಿಫ್ಟಿನ ಬಾಗಿಲು ತೆರೆದು ಜನರನ್ನು ನುಂಗುತ್ತಿತ್ತು, ಇನ್ನೊಂದಷ್ಟು ಜನರನ್ನು ಉಗುಳುತ್ತಿತ್ತು. ಅವನು ನೀರು ಪೂರ್ತಿ ಕುಡಿದು ಲೋಟ ವಾಪಸ್ ಕೊಟ್ಟು ಎದ್ದ. ಎಣ್ಣೆ ತರಲಿಲ್ಲ.

ಮನೆಗೆ ಬಂದವನು ಮಂಚದ ಕೆಳಗಿನ ಕಟ್ಟನ್ನು ಹಿತ್ತಲಿಗೆ ಎಳೆದು ತಂದ. ಹೆಂಡತಿ ತೊಟ್ಟಿಯಲ್ಲಿ ಮೊಣಕೈವರೆಗೆ ಮುಳುಗಿದ್ದಳು. ಏನಾಯಿತು ಎಂದು ಕೇಳಲು ಬಾಯಿ ತೆರೆದವಳು, ಅವನ ಮುಖ ನೋಡಿ, "ಆ ಸೈಕಲ್ ರಿಮ್ಮು ಈಚೆ ತಗೊಳ್ಳಿ, ನಡುವೆ ಅದನ್ನೇ ಇಡಬೇಕು," ಎಂದಳು.

"ನೀನು ಕಟ್ಟಬೇಡ. ನೀನು ಕಟ್ಟಿದ್ರೆ ಚಿಟ್ಟೆ ಕೂರುತ್ತೆ. ನಾನೇ ಕಟ್ತೀನಿ."

ಅಂದಿನಿಂದ ಅವನಿಗೆ ಪುರುಸೊತ್ತು ಇಲ್ಲದಂತಾಯಿತು. ರಿಮ್ಮಿನ ಸುತ್ತ ಕಡ್ಡಿಗಳನ್ನು ಜೋಡಿಸಿ, ಕೆಲವನ್ನು ಎರಡೆರಡು ಬೆಸೆದು ಉದ್ದ ಮಾಡಿ, ಒಂದೊಂದನ್ನೂ ಮೀಟಿ ದನಿ ಕೇಳಿ, ಬಿಗಿ ಮಾಡಿ, ಸಡಿಲಿಸಿ, ಮತ್ತೆ ಬಿಗಿ ಮಾಡಿದ. ಅವಳು ಒಂದು ಮಗ್ಗುಲಿಗೆ ದಟ್ಟವಾಗಿ, ಇನ್ನೊಂದು ಮಗ್ಗುಲಿಗೆ ತೆಳ್ಳಗೆ ಬೇಕೆಂದಳು. ಛತ್ರಿಯವನ ಕೈ ಎಲ್ಲ ಕಡೆ ಒಂದೇ ಸಮ ಮಾಡಲು ಹೋಗುತ್ತಿತ್ತು. ಅವಳು ಬಂದು ಕೆಡಿಸುತ್ತಿದ್ದಳು.

"ಹೀಗೆ ಸೊಟ್ಟಗೆ ಮಾಡಿದ್ರೆ ಎಳೆತ ಒಂದೇ ಕಡೆ ಬೀಳುತ್ತೆ ಕಣೇ."

"ಬೀಳ್ಲಿ. ಸಮ ಇದ್ರೆ ಛತ್ರಿ ಆಗಿಬಿಡುತ್ತೆ. ಛತ್ರಿ ನೀವು ಮಾಡಿದ್ದು ಸಾಕಲ್ಲ."

ತಂಗಿ ಇಳಿದು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದೇನು ಅತ್ತಿಗೆ, ಬಾವಲೀನಾ?" ಎಂದಳು.

"ನಂಗೂ ಗೊತ್ತಿಲ್ಲ. ಒಣಗಿದ ಮೇಲೆ ಅದೇ ಹೇಳುತ್ತೆ."

ಗೊತ್ತಿಲ್ಲ ಎನ್ನುವುದನ್ನು ಇಷ್ಟು ಧೈರ್ಯವಾಗಿ ಹೇಳುವವರನ್ನು ಅವನು ನೋಡಿರಲಿಲ್ಲ. ಅವನ ಕಸುಬಿನಲ್ಲಿ ಗೊತ್ತಿಲ್ಲ ಎಂದರೆ ಗಿರಾಕಿ ಎದ್ದು ಹೋಗುತ್ತಿದ್ದ. ಇವಳು ಗೊತ್ತಿಲ್ಲದ್ದರ ಹತ್ತಿರವೇ ಕೈ ಚಾಚಿಕೊಂಡು ಹೋಗುತ್ತಿದ್ದಳು. ತಪ್ಪಿದರೆ ಬೇಸರವಿಲ್ಲ, ತಪ್ಪನ್ನೂ ಎತ್ತಿಟ್ಟುಕೊಂಡು ನಾಳೆಗೆ ಬಳಸುತ್ತಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇದು ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಅವನಿಗೆ ಸೋಜಿಗವಾಯಿತು. ಮೆಟ್ಟಿಲ ಕೆಳಗೆ ಕೂತವನಿಗೆ ಮೊಣಕಾಲಿನಿಂದ ಮೇಲಕ್ಕೆ ನೋಡುವ ಅಭ್ಯಾಸ ತಪ್ಪಿಹೋಗಿತ್ತು ಎಂದುಕೊಂಡ.

ಹಾಳೆ ಹೊದಿಸುವ ದಿನ ಬೆಳಿಗ್ಗೆಯೇ ಬಿಸಿಲು ಚುರುಕಾಗಿತ್ತು. ಯಂತ್ರದಲ್ಲಿ ಬೇಕೆಂದೇ ಅತಿಯಾಗಿ ಅರೆದ ತಿರುಳು ಸಿದ್ಧವಿತ್ತು. ಅವಳು ತೊಟ್ಟಿಯಿಂದ ಹಾಳೆ ಎತ್ತಿ ನೀರು ಬಸಿದು ಕೊಡುವುದು, ಅವನು ಒಂದು ತುದಿ ಹಿಡಿಯುವುದು, ಇಬ್ಬರೂ ಸೇರಿ ಕಡ್ಡಿಗಳ ಮೇಲೆ ಇಳಿಬಿಟ್ಟು ಅಂಗೈಯಿಂದ ಒತ್ತುವುದು. ನಡುನಡುವೆ ಅವಳು ಸೆಣಬಿನ ಎಳೆ ಹಾಕುತ್ತಿದ್ದಳು, ಮೇಣ ಅದ್ದಿದ ದಾರ ಹಾಯಿಸುತ್ತಿದ್ದಳು. ತೆಳ್ಳಗಿನ ಮಗ್ಗುಲಿಗೆ ಬಂದಾಗ ಸಮಸ್ಯೆ ಎದ್ದಿತು. ಅಂಚಿನಲ್ಲಿ ಒಂದು ಕಡ್ಡಿ ಕಡಿಮೆ ಬಿದ್ದಿತ್ತು. ಅದಿಲ್ಲದೆ ಒಣಗಿದರೆ ಆ ಕೊನೆಯ ಹಾಳೆ ಹಿಡಿತ ಸಿಕ್ಕದೆ ಸುರುಳಿಯಾಗಿ, ಇಡೀ ಮಗ್ಗುಲನ್ನೇ ಕಿತ್ತುಕೊಂಡು ಬರುವುದರಲ್ಲಿತ್ತು. ಕಟ್ಟು ಖಾಲಿಯಾಗಿತ್ತು. ಮಂಚದ ಕೆಳಗೆ ಗೋಣಿ ಒಂದೇ ಉಳಿದಿತ್ತು.

ಆಗಲೇ ಹಿತ್ತಲ ಬಾಗಿಲಲ್ಲಿ ಹೆರಿಗೆ ಆಸ್ಪತ್ರೆಯ ಹಿರಿಯ ನರ್ಸು ಬಂದು ನಿಂತಳು. ಅವನ ಅತಿ ಹಳೆಯ ಗಿರಾಕಿ. ಅವಳ ಛತ್ರಿಗೆ ಅವನು ಬಟ್ಟೆ ಬದಲಿಸಿದ್ದ, ಕೋಲು ಬದಲಿಸಿದ್ದ, ಕಡ್ಡಿಗಳನ್ನೂ ಬದಲಿಸಿದ್ದ. ಅವಳ ತಂದೆ ಕೊಡಿಸಿದ್ದು ಅಂತ ಅದರಲ್ಲಿ ಉಳಿದದ್ದು ಮರದ ಹಿಡಿ ಒಂದೇ. ಆದರೂ ಅವಳು ಅದನ್ನು ಅಪ್ಪನ ಛತ್ರಿ ಎನ್ನುತ್ತಿದ್ದಳು, ಅವನೂ ಹೌದೆನ್ನುತ್ತಿದ್ದ.

"ಛತ್ರಿಯವರೇ, ಮನೆ ಹುಡುಕಿಕೊಂಡು ಬರೋ ಹಾಗಾಯ್ತಲ್ಲ ನಿಮ್ಮನ್ನ. ನೋಡಿ, ಬಸ್ಸಿನ ಬಾಗಿಲಿಗೆ ಸಿಕ್ಕಿ ಒಂದು ಕಡ್ಡಿ ಹೋಯ್ತು. ಒಂದೇ. ಈ ಬಿಸಿಲಲ್ಲಿ ಡ್ಯೂಟಿಗೆ ಹೋಗೋದು ಹೇಗೆ ಹೇಳಿ?"

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಛತ್ರಿ ತೆಗೆದುಕೊಂಡು ಬಿಡಿಸಿದ. ಒಂದು ಕಡ್ಡಿ ಕೀಲಿನ ಹತ್ತಿರ ಮುರಿದು ನೇತಾಡುತ್ತಿತ್ತು. ಉಳಿದವು ಅವನೇ ಹಾಕಿದವು, ನೆಟ್ಟಗಿದ್ದವು. ಹೆಂಡತಿ ತೊಟ್ಟಿಯಿಂದ ಕೈ ಎತ್ತಿ ನೀರು ಕೊಡವಿದಳು. ಆಮೇಲೆ ಮೆಲ್ಲಗೆ, "ಇನ್ನೂ ಹಸಿ ಇದೆ ರೀ. ದಟ್ಟ ಇರೋ ಕಡೆಯಿಂದ ಒಂದು ಎಳೆದ್ರೆ ಬರುತ್ತೆ. ಬೇಕಾದ್ರೆ ತಗೊಳ್ಳಿ," ಎಂದಳು.

ಅವಳು ಅದನ್ನು ಹೇಳಲು ಪಟ್ಟ ಕಷ್ಟ ಅವನಿಗೆ ಕೇಳಿಸಿತು. ಒಂದು ಎಳೆದರೆ ಹಾಳೆ ಹರಿಯುತ್ತಿತ್ತು. ಹರಿದ ಹಾಳೆ ಒಣಗುವಾಗ ಎಲ್ಲಿಯವರೆಗೆ ಸೀಳುತ್ತದೋ ಹೇಳುವವರಿಲ್ಲ. ನರ್ಸು ಕಾಯುತ್ತಿದ್ದಳು. ಅವನು ಛತ್ರಿಯನ್ನು ಮಡಚಿದ, ಮತ್ತೆ ಬಿಡಿಸಿದ, ಮುರಿಯದ ಕಡ್ಡಿಯೊಂದನ್ನು ಉಗುರಿನಿಂದ ಮೀಟಿದ.

"ಸಿಸ್ಟರ್, ಇದನ್ನ ಇಲ್ಲೇ ಬಿಟ್ಟು ಹೋಗ್ತೀರಾ?"

"ಸಂಜೆಗೆ ಕೊಡ್ತೀರಾ?"

"ಕೊಡಲ್ಲ. ಇದರ ಕಡ್ಡಿ ಇವಳಿಗೆ ಬೇಕು."

ನರ್ಸು ಹಿತ್ತಲಿನಲ್ಲಿ ಹರಡಿ ಬಿದ್ದಿದ್ದ ಆ ಒದ್ದೆ ಆಕಾರವನ್ನು ಆಗ ನೋಡಿದಳು. "ಅಂಗಡಿ?" ಎಂದಳು.

"ಅಂಗಡಿ ಮುಗೀತು ಸಿಸ್ಟರ್. ಈಗ ಇಲ್ಲೇ ಕೆಲಸಕ್ಕೆ ಸೇರ್ಕೊಂಡಿದ್ದೀನಿ. ಯಜಮಾನಿ ಸ್ವಲ್ಪ ಜೋರು."

ಹೆಂಡತಿ ತೊಟ್ಟಿಯ ಕಡೆ ತಿರುಗಿ ತಿರುಳನ್ನು ಕದಡತೊಡಗಿದಳು. ಕದಡುವ ಅಗತ್ಯವೇನೂ ಇರಲಿಲ್ಲ.

ಅವನು ಒಳಗೆ ಹೋಗಿ ಬಾಗಿಲ ಹಿಂದೆ ತೂಗುತ್ತಿದ್ದ ತನ್ನ ಸ್ವಂತದ ದೊಡ್ಡ ಛತ್ರಿಯನ್ನು ತಂದ. ಅದರ ಹಿಡಿ ಬಿಚ್ಚಿ, ನರ್ಸಿನ ಅಪ್ಪನ ಮರದ ಹಿಡಿಯನ್ನು ಕೂರಿಸಿ, ಅಂಟು ಹಾಕಿ, ಬಿಗಿ ನೋಡಿ, ಒಮ್ಮೆ ಬಿಡಿಸಿ ತೋರಿಸಿ ಕೊಟ್ಟ. ನರ್ಸು ಹಿಡಿಯನ್ನು ಅಂಗೈಯಲ್ಲಿ ಅತ್ತಿತ್ತ ತಿರುಗಿಸಿ ನೋಡಿದಳು.

"ಅಪ್ಪನ ಛತ್ರಿ ದೊಡ್ಡದಾಯ್ತು," ಎಂದು ಬಿಸಿಲಿಗೆ ಇಳಿದಳು.

ಅವನು ಒಗೆಯುವ ಕಲ್ಲಿನ ಮೇಲೆ ಕೂತು ನರ್ಸು ಬಿಟ್ಟು ಹೋದ ಛತ್ರಿಯನ್ನು ತೊಡೆಯ ಮೇಲೆ ಹಾಕಿಕೊಂಡ. ಬ್ಲೇಡಿನ ತುದಿಯಿಂದ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದ. ಬಟ್ಟೆ ಕಡ್ಡಿಗಳನ್ನು ಬಿಟ್ಟು ಮಡಿಲಿಗೆ ಕುಸಿಯಿತು. ಒಂದು ಕಡ್ಡಿಯನ್ನು ಕೀಲಿನಿಂದ ಬಿಡಿಸಿ, ಎಣ್ಣೆಯನ್ನು ಅದೇ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಅಂಚಿನಲ್ಲಿ ಕಟ್ಟಿದ.

"ಬನ್ನಿ, ಹಿಡ್ಕೊಳ್ಳಿ," ಎಂದಳು ಅವಳು.

ಇಬ್ಬರೂ ಸೇರಿ ಕೊನೆಯ ಹಾಳೆಯನ್ನು ಇಳಿಬಿಟ್ಟರು. ಅದು ಕಡ್ಡಿಯ ಮೇಲೆ ಮಡಚಿ ಕೂತಿತು, ಆದರೆ ಇನ್ನೂ ಕಚ್ಚಿಕೊಂಡಿರಲಿಲ್ಲ; ಕೈ ತೆಗೆದರೆ ಜಾರುತ್ತಿತ್ತು. ಅವಳು ಆಚೆಯಿಂದ, ಅವನು ಈಚೆಯಿಂದ, ಹಾಳೆಯ ಕೆಳಗೆ ಅಂಗೈ ಕೊಟ್ಟು ನಿಂತರು. ಅವನ ಮೂಗಿನ ತುದಿ ತುರಿಸತೊಡಗಿತು. ಬೂದು ನೀರು ಮಣಿಕಟ್ಟಿನಿಂದ ಮೊಣಕೈಗೆ ಇಳಿದು, ಅಲ್ಲಿಂದ ಹನಿಹನಿಯಾಗಿ ಅವನ ಪಾದದ ಮೇಲೆ ಬೀಳುತ್ತಿತ್ತು. ಹಾಳೆಯ ಆಚೆ ಬಿಸಿಲಿತ್ತು. ಅವಳ ಬೆರಳುಗಳ ನೆರಳು ಕಾಗದದೊಳಗಿಂದ ಕಾಣಿಸುತ್ತಿತ್ತು.